ಆನೆಯ ಎಡಭುಜ

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಮೇಸ್ತ್ರಿ ತನ್ನ ಗಾಡಿ ರಿಪೇರಿ ಶೆಡ್ಡಿನ ಬೀಗವನ್ನು ಕೈಯಿಂದ ತಡವಿಯೇ ಹುಡುಕಬೇಕಾಯಿತು. ಸಿಕ್ಕ ಬೀಗ ಕೈ ಕೊರೆಯುವಷ್ಟು ತಣ್ಣಗಿತ್ತು. ಕೀಲಿ ತಿರುಗಿಸುತ್ತಿರುವಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ನಾನು ಅಣ್ಣ. ಹೆದರಬೇಡಿ."

ಮಾವುತನ ಹೆಂಡತಿ. ತಲೆಗೆ ಹೊದ್ದಿದ್ದ ಶಾಲಿನ ಅಂಚಿನಲ್ಲಿ ಹನಿಗಳು ಕೂತಿದ್ದವು. ಆಸ್ಪತ್ರೆಯಿಂದ ನೇರವಾಗಿ ನಡೆದು ಬಂದಿದ್ದಾಳೆಂದು ಬಟ್ಟೆಯ ಔಷಧದ ವಾಸನೆಯೇ ಹೇಳುತ್ತಿತ್ತು.

"ಹೇಗಿದ್ದಾನಮ್ಮ?"

"ನಾಳೆ ಮನೆಗೆ ಕರ್ಕೊಂಡು ಹೋಗಿ ಅಂದ್ರು." ಆಕೆ ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. "ವಾಸಿಯಾಗಿ ಅಲ್ಲ ಅಣ್ಣ. ಇಲ್ಲಿ ಮಾಡೋದು ಇನ್ನೇನೂ ಉಳಿದಿಲ್ಲ ಅಂತ."

ಷಟರ್ ಎತ್ತಲು ಬಗ್ಗಿದ ಮೇಸ್ತ್ರಿ ಬಗ್ಗಿದಂತೆಯೇ ನಿಂತ.

"ಒಂದೇ ಒಂದು ಕೇಳಿದ್ದಾರೆ. ಬಾಡಿಗೆ ಗಾಡಿ ಬೇಡವಂತೆ, ಆಸ್ಪತ್ರೆ ಗಾಡಿನೂ ಬೇಡವಂತೆ. 'ನನ್ನ ಆನೇಲೇ ಹೋಗ್ತೀನಿ, ಮೇಸ್ತ್ರಿಗೆ ಹೇಳು' ಅಂದ್ರು. ಗೇರ್‌ಬಾಕ್ಸ್ ಕೆಟ್ಟಿದ್ರೆ ಕೆಟ್ಟಿರಲಿ, ಮೂರನೇ ಗೇರಲ್ಲೇ ತೆವಳ್ಕೊಂಡು ಹೋಗುತ್ತೆ ಅಂತಾನೂ ಹೇಳಬೇಕಂತೆ. ಆಗುತ್ತಾ ಅಣ್ಣ?"

"ಆಗುತ್ತೆ," ಎಂದ ಮೇಸ್ತ್ರಿ. ಮಾತು ಬಾಯಿಂದ ಜಾರಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ತಿಳಿಯಿತು.

ಅವನು ಷಟರ್ ಎತ್ತಿದಾಗ ಆಕೆ ಒಳಗೆ ಇಣುಕಿದಳು. ಮೂಲೆಯಲ್ಲಿ, ಅಂಚು ಹರಿದ ಹಸಿರು ಟಾರ್ಪಾಲಿನ ಕೆಳಗೆ, ಗುಡ್ಡದ ಹಾಗೆ ಗಾಡಿ ಮಲಗಿತ್ತು. "ಒಂದ್ಸಲ ನೋಡ್ಲಾ?"

"ಬರೀ ಧೂಳು ತಾಯಿ. ನಾಳೆ ತೊಳೆದು ತರ್ತೀನಲ್ಲ, ಆಗ ನೋಡುವೆಯಂತೆ."

ಆಕೆ ತಲೆಯಾಡಿಸಿ ಮಂಜಿನೊಳಗೆ ಕರಗಿದಳು. ಹೆಜ್ಜೆಯ ಸದ್ದು ಪೂರ್ತಿ ಅಡಗುವ ತನಕ ಕಾದು, ಮೇಸ್ತ್ರಿ ಟಾರ್ಪಾಲನ್ನು ಎಳೆದ.

ಅದು ಮೂರು ಸಾಲು ಸೀಟಿನ, ಎದೆಯೆತ್ತರದ ಬಾನೆಟ್ಟಿನ ಕರೀ ಗಾಡಿ. ಹೊಸದಾಗಿದ್ದಾಗ ಯಾರೋ ಶ್ರೀಮಂತರ ಮನೆಯಲ್ಲಿ ಮೆರೆದಿತ್ತು. ಕಾಯಿಲೆಗಳು ಒಂದೊಂದಾಗಿ ಶುರುವಾದಾಗ ಅವರು ಅದನ್ನು ಸಣ್ಣ ಕಾರಿನ ಬೆಲೆಗೆ ದಾಟಿಸಿಬಿಟ್ಟರು. ಕೊಂಡವನು ಬಾಡಿಗೆ ಗಾಡಿ ಓಡಿಸುತ್ತಿದ್ದ ಒಬ್ಬ ಬಡಕಲು ಡ್ರೈವರ್. ಅಷ್ಟು ದೊಡ್ಡ ಗಾಡಿಯ ಸ್ಟೇರಿಂಗಿನ ಹಿಂದೆ ಅವನ ತಲೆ ಮಾತ್ರ ಕಾಣುತ್ತಿದ್ದುದರಿಂದ ಗಾಡಿಗೆ ಆನೆಯೆಂದೂ ಅವನಿಗೆ ಮಾವುತನೆಂದೂ ಹೆಸರು ಬಿತ್ತು. ಕ್ರಮೇಣ ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆಯುವಂತಾಯಿತು. ಮದುವೆಗೆ ಹೋಗುವವರು, ಹೆರಿಗೆಗೆ ಹೋಗುವವರು, ಹೆಣದ ಜೊತೆ ಹೋಗುವವರು, ಎಲ್ಲರಿಗೂ ಆನೆಯೇ ಬೇಕು. ಹಿಂದಿನ ಸೀಟು ಮಡಚಿದರೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಾದ ಬಾಡಿಗೆ ಗಾಡಿ ಆ ಊರಿನಲ್ಲಿ ಆಗ ಬೇರೆ ಇರಲಿಲ್ಲ.

ಆದರೆ ಆನೆ ಸಾಕುವುದೆಂದರೆ ಸಾಮಾನ್ಯವೇ? ಮೊದಲು ರೇಡಿಯೇಟರ್ ಸೀಳಿತು. ಆಮೇಲೆ ಇಂಜಿನ್ನಿನ ಟೈಮಿಂಗ್ ಚೈನ್ ಸಡಿಲಾಗಿ, ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಸದ್ದು. ಚೈನು ಬದಲಾಯಿಸಲು ಇಂಜಿನ್ನನ್ನೇ ಇಳಿಸಬೇಕು. ಚೈನಿನ ಬೆಲೆಗಿಂತ ಇಳಿಸುವ ಕೂಲಿಯೇ ಹೆಚ್ಚು. ಇಂಥ ಗಾಡಿಗೆ ಉಕ್ಕಿನ ಸ್ಪ್ರಿಂಗ್ ಇರುವುದಿಲ್ಲ, ಪ್ರತಿ ಚಕ್ರದ ಮೇಲೂ ಗಾಳಿ ತುಂಬಿದ ರಬ್ಬರು ಚೀಲ. ಒಂದು ಚೀಲ ಒಡೆದರೆ ಆ ಭುಜ ಕುಸಿದು ಗಾಡಿ ಕುಂಟ ಎತ್ತಿನಂತೆ ನಿಲ್ಲುತ್ತದೆ, ಒಂದು ಚೀಲದ ಕ್ರಯದಲ್ಲಿ ಒಂದು ಸಂಸಾರ ಮೂರು ತಿಂಗಳು ಉಣ್ಣಬಹುದು. ಕೊನೆಗೆ ಗೇರ್‌ಬಾಕ್ಸ್ ಬಿಸಿಯಾಗಿ, ಮೂರನೇ ಗೇರಿನಲ್ಲಿ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಹಟ ಹಿಡಿಯಿತು.

"ಇದನ್ನ ಬಿಚ್ಚಿ ಕಟ್ಟೋ ಖರ್ಚಲ್ಲಿ ನೀನು ಇನ್ನೊಂದು ಗಾಡೀನೇ ತಗೋಬಹುದು ಕಣೋ," ಎಂದಿದ್ದ ಮೇಸ್ತ್ರಿ. "ಕೊಳ್ಳುವಾಗ ಕಾರಿನ ಬೆಲೆ, ರಿಪೇರಿಗೆ ಲಾರಿ ಬೆಲೆ. ಈ ಜಾತಿದೆಲ್ಲ ಇದೇ ಹಣೆಬರಹ."

"ಇರಲಿ, ನಿನ್ನ ಮೂಲೇಲಿ ಕಟ್ಟಿಹಾಕಿರು. ದುಡ್ಡು ಕೂಡಿಸ್ಕೊಂಡು ಬರ್ತೀನಿ," ಎಂದಿದ್ದ ಮಾವುತ. ಹೋಗುವಾಗ ತಿರುಗಿ, "ಡೈನಮೋ ಮುಟ್ಟಬೇಡ, ಅದರ ಬೇರಿಂಗ್ ಹಾಗೇ ಇರಲಿ," ಎಂದು ನಕ್ಕಿದ್ದ.

ಅದೊಂದು ಅವನ ಹುಚ್ಚು. ಬ್ಯಾಟರಿಗೆ ವಿದ್ಯುತ್ತು ತುಂಬುವ ಆ ಡೈನಮೋದ ಬೇರಿಂಗ್ ಸವೆದು, ಹೆಡ್‌ಲೈಟು ಹಾಕಿದಾಗ ಸಣ್ಣಗೆ ಒಂದು ಸಿಳ್ಳೆ ಬರುತ್ತಿತ್ತು. ಮೇಸ್ತ್ರಿ ಬದಲಾಯಿಸುತ್ತೇನೆ ಅಂದರೂ ಅವನು ಬಿಟ್ಟಿರಲಿಲ್ಲ. "ರಾತ್ರಿ ಒಬ್ಬನೇ ಖಾಲಿ ಗಾಡಿ ಓಡಿಸ್ಕೊಂಡು ಬರೋವಾಗ ಜೀರುಂಡೆ ಜೊತೇಲಿರುತ್ತೆ," ಅನ್ನುತ್ತಿದ್ದ.

ದುಡ್ಡು ಕೂಡಿಸುವ ಮೊದಲೇ ಅವನ ಮೂತ್ರಪಿಂಡ ಸೋತಿತು. ಆನೆ ನಿಂತೇ ಉಳಿಯಿತು.

ಆ ಕಸುಬಿನಲ್ಲಿ ಒಂದು ಮಾತಿದೆ: ನಿಂತ ಗಾಡಿ ಎಲ್ಲರ ಗಾಡಿ. ಯಾರದೋ ಗಾಡಿ ಅವಸರದಲ್ಲಿ ಬರುತ್ತದೆ, ಬಿಡಿಭಾಗ ತರಿಸಲು ವಾರ ಬೇಕು, ಗಿರಾಕಿ ತಲೆಯ ಮೇಲೆ ಕೂತಿರುತ್ತಾನೆ. ಮೂಲೆಯ ಗಾಡಿಯಿಂದ ಬಿಚ್ಚಿ ಇವನದಕ್ಕೆ ಹಾಕಿ ಕಳಿಸುವುದು, ಹೊಸದು ಬಂದ ಮೇಲೆ ಮೂಲೆಯದಕ್ಕೆ ತುಂಬಿಕೊಡುವುದು. ಇದನ್ನು ಯಾರೂ ಕಳವು ಅನ್ನುವುದಿಲ್ಲ. ಪಕ್ಕದ ಮನೆಯಿಂದ ಕೆಂಡ ತಂದ ಹಾಗೆ. ಆದರೆ ಕೆಂಡ ತಂದವರು, ತಮ್ಮ ಒಲೆ ಹೊತ್ತಿಕೊಂಡ ಮೇಲೆ, ಆ ಮನೆಯ ಒಲೆ ಉರಿಯುತ್ತಿದೆಯೇ ಎಂದು ನೋಡಲು ಹೋಗುವುದು ಕಡಿಮೆ.

ಹಾಗೆ ಮೊದಲು ಹೋದದ್ದು ಡೀಸೆಲ್ ಪಂಪು. ಅದರ ಬದಲಿಗೆ ಬಂದ ಹೊಸದು ಅಂದೇ ಮತ್ತೊಬ್ಬ ಗಿರಾಕಿಯ ಪಾಲಾಯಿತು. ಆಮೇಲೆ ಬ್ಯಾಟರಿ. ಆಮೇಲೆ ಮುಂದಿನ ಎಡ ಚಕ್ರದ ಗಾಳಿಚೀಲ. ಅದು ಲಾಡ್ಜಿನ ಯಜಮಾನನ ಗಾಡಿಗೆ ಹೋಗಿ, ಅವನ ಸೋರುವ ಚೀಲ ಆನೆಯ ಎಡಭುಜಕ್ಕೆ ಬಂದು ಕೂತಿತು. ಕೊನೆಗೆ ಡೈನಮೋ. ಅದಕ್ಕೆ ಮಾತ್ರ ಅವಸರದ ಗಿರಾಕಿಯ ನೆಪವೂ ಇರಲಿಲ್ಲ. ಮೇಸ್ತ್ರಿಯ ಅಳಿಯನದೂ ಅದೇ ಜಾತಿಯ ಗಾಡಿ. ಅದರ ಡೈನಮೋ ಸುಟ್ಟಾಗ ಮಗಳು ಕಣ್ಣು ಕೆಂಪಗೆ ಮಾಡಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಹೊತ್ತಿಗೆ ಮಾವುತ ವಾರಕ್ಕೆ ಮೂರು ಸಲ ರಕ್ತ ಸೋಸುವ ಯಂತ್ರದ ಪಕ್ಕ ಮಲಗುತ್ತಿದ್ದ. ಬಿಚ್ಚುವಾಗ ಮೇಸ್ತ್ರಿ ಹಿಂದುಮುಂದು ನೋಡಲಿಲ್ಲ. ಏಕೆಂದರೆ ಅವನು ಮನಸ್ಸಿನಲ್ಲಿ ಗೆಳೆಯನನ್ನು ಆಗಲೇ ಮಸಣಕ್ಕೆ ಕಳಿಸಿಕೊಟ್ಟಿದ್ದ. ದೇವರು ಇದನ್ನೆಲ್ಲ ಬರೆದಿಡುವುದಿಲ್ಲ, ಸುಮ್ಮನೆ ನೋಡುತ್ತಿರುತ್ತಾನೆ, ಅಷ್ಟೇ.

ಈಗ ಬಾನೆಟ್ ಎತ್ತಿದರೆ, ಒಳಗೆ ಭಾಗಗಳಿದ್ದ ಜಾಗದಲ್ಲಿ ವೈರುಗಳು ಬಾಯಿಬಿಟ್ಟುಕೊಂಡು ನೇತಾಡುತ್ತಿದ್ದವು.

ಪಂಪು, ಬ್ಯಾಟರಿ ಎರಡನ್ನೂ ಮೇಸ್ತ್ರಿ ಅಂಗಡಿಯಿಂದ ಸಾಲ ಹೇಳಿ ತಂದ. ಗಾಳಿಚೀಲ ಅಂಗಡಿಯಲ್ಲಿ ಇರುವ ವಸ್ತುವಲ್ಲ, ದೂರದಿಂದ ಬರಬೇಕು. ಲಾಡ್ಜಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಯಜಮಾನ ಹಲ್ಲುಕಡ್ಡಿ ತೆಗೆದು ಕೇಳಿದ.

"ಅಂದ್ರೆ ನನ್ನ ಗಾಡಿಗೆ ಕದ್ದ ಮಾಲು ಹಾಕಿ, ನನ್ನ ಹತ್ರ ಹೊಸದರ ದುಡ್ಡು ತಗೊಂಡಿದ್ದೀಯ."

"ಹೌದು."

"ಹೌದು ಅಂತಾನೆ ನೋಡು ಮಹಾನುಭಾವ. ಹೊಸದು ತಂದು ಹಾಕು, ಹಳೇದು ಬಿಚ್ಕೊಂಡು ಹೋಗು. ಅಲ್ಲೀತನಕ ಒಂಟಿ ಕಾಲಲ್ಲಿ ನಿಂತ್ಕೊಳ್ಳೋಕೆ ನಾನೇನು ಕೊಕ್ಕರೆನಾ?"

ಅದರಲ್ಲಿ ತಪ್ಪೇನೂ ಇರಲಿಲ್ಲ. ಮೇಸ್ತ್ರಿ ಅಲ್ಲಿಂದ ಮಗಳ ಮನೆಗೆ ಹೋದ.

ಅಳಿಯ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ. ಮಗಳು ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಮಂಜಿನಲ್ಲಿ ಒಣಗುವ ಆಸೆ ಯಾವ ಬಟ್ಟೆಗೂ ಇದ್ದಂತಿರಲಿಲ್ಲ.

"ಬನ್ನಿ ಮಾವ. ಟೀ ಮಾಡಿಸ್ತೀನಿ."

"ಟೀ ಬೇಡಪ್ಪ. ಬಾನೆಟ್ ಎತ್ತು. ಡೈನಮೋ ಬಿಚ್ಚಬೇಕು."

"ಕೆಟ್ಟಿಲ್ಲವಲ್ಲ. ಸ್ವಲ್ಪ ಸಿಳ್ಳೆ ಹೊಡೆಯುತ್ತೆ ಅಷ್ಟೆ."

"ಆ ಸಿಳ್ಳೆ ನಿಂದಲ್ಲ."

ಅಳಿಯ ಒರೆಸುವ ಬಟ್ಟೆಯನ್ನು ನಿಧಾನವಾಗಿ ಹಿಂಡಿದ. ಅವನು ಕೆಟ್ಟವನಲ್ಲ, ಆದರೆ ಮರುದಿನ ದೂರದ ಬಾಡಿಗೆಯಿತ್ತು, ಮನೆಯ ಕಂತು ತಲೆಯ ಮೇಲಿತ್ತು. ಮೇಸ್ತ್ರಿ ಎಲ್ಲ ಹೇಳುವ ತನಕ ಕೇಳಿಸಿಕೊಂಡು, "ಸಾಯೋನಿಗೆ ಯಾವ ಗಾಡಿ ಆದ್ರೇನು ಮಾವ? ನಾನೇ ಬಿಟ್ಟು ಬರ್ತೀನಿ, ಬಾಡಿಗೆನೂ ಬೇಡ," ಎಂದ.

"ಅವನು ತನ್ನದರಲ್ಲಿ ಹೋಗ್ತೀನಿ ಅಂದಿದ್ದಾನೆ."

"ನಿಂತ ಗಾಡಿ ಎಲ್ಲರ ಗಾಡಿ ಅಂತ ನನಗೆ ಹೇಳಿಕೊಟ್ಟೋರು ಯಾರು?"

"ನಾನೇ."

ಮಗಳು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಹತ್ತಿರ ಬಂದಳು. "ಅಪ್ಪ, ಅವತ್ತು 'ನನ್ನ ಹತ್ರ ಒಂದಿದೆ' ಅಂದ್ರಲ್ಲ."

"ನನ್ನ ಹತ್ರವೇ ಇತ್ತಮ್ಮ. ನನ್ನದಾಗಿರ್ಲಿಲ್ಲ."

ಆಕೆ ತಂದೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಾಡಿಯ ಬಾಗಿಲು ತೆಗೆದು, ಬಗ್ಗಿ, ಬಾನೆಟ್ಟಿನ ಕೊಕ್ಕೆಯನ್ನು ತಾನೇ ಎಳೆದಳು. ತಂದೆಗೆ ಕನಿಕರ ತೋರಿಸಲಿಕ್ಕೆ ಮಾಡಿದ್ದಲ್ಲ ಅದು. ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

"ಮನೆಯವಳೇ ಹೀಗಾದ್ರೆ," ಎಂದು ಗೊಣಗುತ್ತ ಅಳಿಯ ಮಾವನ ಪಕ್ಕ ನಿಂತ. ಮೇಸ್ತ್ರಿ ಬೋಲ್ಟು ಸಡಿಲಿಸತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಅಳಿಯ ಹೇಳಿದ: "ಆ ಮನುಷ್ಯನ್ನ ಆಸ್ಪತ್ರೆಗೆ ನಾನೇ ಎಷ್ಟೋ ಸಲ ಬಿಟ್ಟಿದ್ದೀನಿ, ಇದರಲ್ಲೇ. ಒಂದಿನವೂ ಒಂದು ಮಾತು ಆಡ್ಲಿಲ್ಲ. ಮುಂದಿನ ಸೀಟಲ್ಲಿ ಕಣ್ಣು ಮುಚ್ಕೊಂಡು ಕೂರೋನು. 'ಲೈಟ್ ಹಾಕಪ್ಪ' ಅಂತ ಮಾತ್ರ ಅನ್ನೋನು. ಹಗಲಲ್ಲಿ ಯಾಕೆ ಅಂದ್ರೆ, ಸುಮ್ನೆ ಹಾಕು ಅನ್ನೋನು. ಕಾಯಿಲೆ ಮನುಷ್ಯ ಅಂತ ಹಾಕ್ತಿದ್ದೆ."

ಸ್ಪ್ಯಾನರ್ ಮೇಸ್ತ್ರಿಯ ಕೈಯಿಂದ ಜಾರಿ ಇಂಜಿನ್ನಿನ ಸಂದಿಯೊಳಗೆ ಬಿತ್ತು. ಅದನ್ನು ಹುಡುಕುವ ನೆವದಲ್ಲಿ ಅವನು ಬಹಳ ಹೊತ್ತು ತಲೆ ಬಗ್ಗಿಸಿಕೊಂಡೇ ಇದ್ದ.

ಸಂಜೆಯ ಹೊತ್ತಿಗೆ ಆನೆ ಎದ್ದಿತು. ಕಲ್ಲಿನ ಡಬ್ಬಿ ಒಮ್ಮೆ ಜೋರಾಗಿ ಕುಲುಕಿ ಸುಮ್ಮನಾಯಿತು. ನಾಲ್ಕೂ ಕಡೆ ಗಾಳಿ ತುಂಬಿ ಗಾಡಿ ಮಟ್ಟವಾಗಿ ನಿಂತಿತು. ಆದರೆ ಕೈ ತೊಳೆದು ಬರುವಷ್ಟರಲ್ಲಿ ಎಡಭುಜ ಮೆಲ್ಲಗೆ, ನಿದ್ದೆ ಹತ್ತಿದವರ ತಲೆಯಂತೆ, ವಾಲತೊಡಗಿತ್ತು.

ಮರುದಿನ ಮಂಜಿರಲಿಲ್ಲ. ಬಿಸಿಲು ಹೊಳೆಯುತ್ತಿತ್ತು. ಹಿಂದಿನ ಸೀಟುಗಳನ್ನು ಮಡಚಿ, ತೊಳೆದ ಟಾರ್ಪಾಲು ಹಾಸಿ, ಅದರ ಮೇಲೆ ಹಾಸಿಗೆ ಹಾಕಿ ಮೇಸ್ತ್ರಿ ಆಸ್ಪತ್ರೆಯ ಬಾಗಿಲಿಗೆ ತಂದ. ಮಾವುತನನ್ನು ಎತ್ತಿ ಮಲಗಿಸಲು ಇಬ್ಬರು ಬೇಕಾಗಲಿಲ್ಲ, ಮೇಸ್ತ್ರಿಯೊಬ್ಬನೇ ಎತ್ತಿದ. ಮುಂದಿನ ಸೀಟಿನ ಬೆನ್ನಿಗೆ ತಲೆ ಬರುವ ಹಾಗೆ ಮಲಗಿಸಿದ. ಹೆಂಡತಿ ಕಾಲ ಬಳಿ ಕೂತಳು.

"ಏನೋ, ಎಷ್ಟು ಹಗುರ ಆಗಿದ್ದೀಯ," ಎಂದ ಮೇಸ್ತ್ರಿ, ಏನಾದರೂ ಹೇಳಬೇಕಲ್ಲ ಎಂದು.

"ಡೀಸೆಲ್ ಉಳಿಯುತ್ತೆ ಬಿಡು," ಎಂದ ಮಾವುತ. ದನಿ ಒಣಗಿತ್ತು, ಕಣ್ಣು ಮಾತ್ರ ಹಳೆಯದೇ. "ಸ್ಟಾರ್ಟ್ ಮಾಡು."

ಇಂಜಿನ್ ಎದ್ದಿತು. ಮೇಸ್ತ್ರಿಯ ಕೈ ಒಂದು ಗಳಿಗೆ ಸ್ಟೇರಿಂಗಿನ ಮೇಲೆ ತಡೆಯಿತು. ಆಮೇಲೆ, ಅಷ್ಟು ಬಿಸಿಲಿನಲ್ಲಿ, ಅವನು ಹೆಡ್‌ಲೈಟಿನ ಗುಂಡಿ ತಿರುಗಿಸಿದ. ಸಣ್ಣ ಸಿಳ್ಳೆಯೊಂದು ಬಾನೆಟ್ಟಿನ ಒಳಗಿಂದ ಎದ್ದು ಗಾಡಿಯ ತುಂಬ ಹರಡಿತು.

ಮಾವುತ ಕಣ್ಣು ಮುಚ್ಚಿ ಕೇಳಿದ. "ಜೀರುಂಡೆ ಮನೆಗೆ ಬಂತು," ಎಂದ.

ಮೂರನೇ ಗೇರಿನಲ್ಲೇ ಆನೆ ಊರು ದಾಟಿತು. ಹಿಂದಿನಿಂದ ಬಂದವರೆಲ್ಲ ಹಾರ್ನ್ ಬಾರಿಸಿ, ಹಗಲಲ್ಲಿ ಉರಿಯುವ ದೀಪ ನೋಡಿ, ಹೆಣದ ಗಾಡಿಯೆಂದುಕೊಂಡು ಸುಮ್ಮನೆ ಬಳಸಿ ಹೋದರು. ದಾರಿ ಅರ್ಧ ಕಳೆಯುವಷ್ಟರಲ್ಲಿ ಗಾಡಿ ಎಡಕ್ಕೆ ವಾಲಿತ್ತು. ಹಾಸಿಗೆ ಜಾರದಂತೆ ಆಕೆ ಗಂಡನ ಕಾಲನ್ನು ಒತ್ತಿ ಹಿಡಿದುಕೊಂಡಳು.

"ಎಡಭುಜ ಇನ್ನೂ ಬಂದಿಲ್ಲ ಅಲ್ವಾ ಮೇಸ್ತ್ರಿ?"

"ಭುಜ ನೋಯ್ತಾ ಇದೆಯಾ?" ಎಂದಳು ಹೆಂಡತಿ.

"ನಂದಲ್ಲ ಕಣೇ. ಆನೇದು."

ಮೇಸ್ತ್ರಿ ಕನ್ನಡಿಯಲ್ಲಿ ನೋಡಲಿಲ್ಲ. "ನಿನಗೆ ಗೊತ್ತಿತ್ತು," ಎಂದ. "ಯಾಕೋ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ಆಮೇಲೆ ನನಗೆ ಬೇರೆ ಮೇಸ್ತ್ರಿ ಎಲ್ಲಿಂದ ತರಲಿ?" ಮಾವುತ ಉಸಿರು ಕೂಡಿಸಿಕೊಳ್ಳಲು ನಿಲ್ಲಿಸಿದ. ಬಿಸಿಲಿನ ಪಟ್ಟಿಯೊಂದು ಅವನ ಹೊದಿಕೆಯ ಮೇಲೆ ಹತ್ತಿ ಇಳಿಯಿತು. "ಬಿಚ್ಚಿದ್ದಕ್ಕೆ ಬೇಜಾರಿಲ್ಲ ಕಣೋ. ಎಲ್ಲರೂ ಬಿಚ್ಚುತ್ತಾರೆ. ಆದರೆ ಅಷ್ಟು ಬೇಗ ಬಿಚ್ಚಿದೆಯಲ್ಲ. ನಿನ್ನ ಅಳಿಯನ ಗಾಡೀಲಿ ಮೊದಲ್ನೇ ಸಲ ಜೀರುಂಡೆ ಕೇಳ್ದಾಗ, ಡಾಕ್ಟರು ಇನ್ನೂ ನನಗೆ ಧೈರ್ಯ ಹೇಳ್ತಾ ಇದ್ರು. ಓಹೋ, ಮೇಸ್ತ್ರಿಗೆ ಡಾಕ್ಟರಿಗಿಂತ ಮೊದ್ಲೇ ಗೊತ್ತಾಗಿದೆ ಅಂದ್ಕೊಂಡೆ."

ಅವನು ನಗುವ ಹಾಗೆ ಹೇಳಿದ. ಆಕೆ ಗಂಡನ ಕಾಲು ಹಿಡಿದಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು. ಮಿಕ್ಕ ದಾರಿಯುದ್ದಕ್ಕೂ ಜೀರುಂಡೆಯೊಂದೇ ಮಾತಾಡಿತು.

ಮನೆಯ ಮುಂದೆ ಇಳಿಸುವಾಗ ಮಾವುತ ಗೆಳೆಯನ ಅಂಗಿಯ ಕಾಲರನ್ನು ಬೆರಳಿನಲ್ಲಿ ಹಿಡಿದುಕೊಂಡ. "ಗಾಡಿ ಇಲ್ಲೇ ಇರಲಿ. ನಿನ್ನ ಮೂಲೆ ಬೇಡ."

"ಆಯ್ತು."

"ಭುಜ?"

"ತರ್ತೀನಿ."

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರೆ. ಮಾವುತನ ಬಗ್ಗೆ ಅಂಥ ಗಾದೆಯಿಲ್ಲ. ಕಿಟಕಿಯಿಂದ ಗಾಡಿ ಕಾಣುವ ಹಾಗೆ ಮಂಚ ತಿರುಗಿಸಿ ಮಲಗಿಸಿದ್ದರು. ಒಂದು ಮಧ್ಯಾಹ್ನ, ಹೆಂಡತಿ ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಅತ್ತ ಮುಖ ಮಾಡಿದವನು ಹಾಗೆಯೇ ಹೋಗಿಬಿಟ್ಟ. ಮೇಸ್ತ್ರಿ ಬಂದ, ಹೆಗಲು ಕೊಟ್ಟ, ಮಣ್ಣು ಹಾಕಿದ, ಹೋದ. ಆಕೆ ಅವನೊಂದಿಗೆ ಮಾತಾಡಲಿಲ್ಲ; ಅವನೂ ಮಾತಾಡಿಸಲಿಲ್ಲ.

ಹೊಸ ಗಾಳಿಚೀಲ ಬಂದದ್ದು ಆಮೇಲೆ. ಅದಕ್ಕಾಗಿ ಮೇಸ್ತ್ರಿ ಶೆಡ್ಡಿನ ಗಾಳಿ ಯಂತ್ರವನ್ನೇ ಮಾರಿದ. ಚಕ್ರಕ್ಕೆ ಗಾಳಿ ಕೇಳಿಕೊಂಡು ಬಂದವರಿಗೆ ಈಗ ಕಾಲಿನ ಪಂಪು ತುಳಿದು ತುಂಬಿಸುತ್ತಿದ್ದ. "ಗಾಳಿ ಮಾರಿ ಗಾಳಿ ತಂದನಂತೆ," ಎಂದು ಲಾಡ್ಜಿನ ಯಜಮಾನ ನಾಲ್ಕು ಜನರ ಮುಂದೆ ನಕ್ಕ. ಆದರೆ ಹೊಸದನ್ನು ತನ್ನ ಗಾಡಿಗೆ ಹಾಕಿಸಿಕೊಂಡು, ಹಳೆಯದನ್ನು ತಾನೇ ಗೋಣಿಗೆ ಹಾಕಿ ಕೊಟ್ಟ.

ಮೇಸ್ತ್ರಿ ಅದನ್ನು ಹೆಗಲ ಮೇಲೆ ಹೊತ್ತು, ಜಾಕು ಕೈಯಲ್ಲಿ ಹಿಡಿದು ಬಂದಾಗ ಆಕೆ ಬಾಗಿಲಲ್ಲಿ ಕೂತಿದ್ದಳು. ಆನೆ ಎಡಗಡೆ ಪೂರ್ತಿ ಕುಸಿದು, ಚಕ್ರ ಒಳಗೆ ಹೂತಂತೆ ನಿಂತಿತ್ತು.

"ಇನ್ಯಾಕೆ ಇದು?" ಎಂದಳು. ಅಣ್ಣ ಅನ್ನಲಿಲ್ಲ. "ನಾಳೆ ಗುಜರಿಯವನು ಬರ್ತಾನೆ. ತೂಕಕ್ಕೆ ಮಾತಾಡಿದ್ದೀನಿ."

"ಗೊತ್ತಮ್ಮ."

"ಅವನು ಇದಕ್ಕೆ ಅಂತ ಹೆಚ್ಚಿಗೆ ಕೊಡಲ್ಲ."

"ಕೊಡಲ್ಲ."

ಮೇಸ್ತ್ರಿ ಚಕ್ರ ಬಿಚ್ಚಿ, ಅಂಗಾತ ಮಲಗಿ, ಸೋರುವ ಚೀಲ ತೆಗೆದು ಮಾವುತನದನ್ನು ಕೂರಿಸಿದ. ಅದರ ಲೋಹದ ತಲೆಯ ಮೇಲೆ, ಹಿಂದೆಂದೋ ಮೊದಲ ಸಲ ಹಾಕುವಾಗ ತಾನೇ ಗೀಚಿದ್ದ ಗುರುತು ಇನ್ನೂ ಇತ್ತು. ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ, ಮತ್ತೊಮ್ಮೆ ಬಿಗಿದ. ಜಾಕು ಇಳಿಸಿ ಇಂಜಿನ್ ಚಾಲೂ ಮಾಡಿದ. ಡಬ್ಬಿಯ ಕಲ್ಲು ಕುಲುಕಿತು. ಮೆಲ್ಲಗೆ, ಬಹಳ ಮೆಲ್ಲಗೆ, ಆನೆಯ ಎಡಭುಜ ಮೇಲೆದ್ದಿತು. ಗಾಡಿ ಮಟ್ಟವಾಯಿತು. ಇಂಜಿನ್ ಆರಿಸಿ, ಅವನು ದೂರ ನಿಂತು ಕಾದ. ಆಕೆಯೂ ಕೂತಲ್ಲಿಂದಲೇ ಕಾದಳು. ಗೋಡೆಯ ನೆರಳು ಅಂಗಳ ದಾಟಿ ಚಕ್ರವನ್ನು ಮುಟ್ಟಿತು. ಭುಜ ಇಳಿಯಲಿಲ್ಲ.

ಅವನು ಸಾಮಾನು ಜೋಡಿಸಿಕೊಳ್ಳುತ್ತಿರುವಾಗ ಆಕೆ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ, ಅಂದು ಗಾಡಿಯಲ್ಲಿ ಹಾಸಿಗೆಯ ಕೆಳಗೆ ಹಾಸಿದ್ದ ಹಸಿರು ಟಾರ್ಪಾಲು ಇತ್ತು. ಒಗೆದು, ಒಣಗಿಸಿ, ಮೂಲೆಗೆ ಮೂಲೆ ಕೂಡಿಸಿ ಮಡಚಿದ್ದಳು. ಹರಿದಿದ್ದ ಅಂಚನ್ನು ದಪ್ಪ ದಾರದಲ್ಲಿ ಹೊಲಿದಿದ್ದಳು.

"ಇದು ನಿಮ್ಮ ಶೆಡ್ಡಿಂದು," ಎಂದಳು.

ಮೇಸ್ತ್ರಿ ಅಂಗೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡ.